ಗೂಡಿನ ಬಾಯಿಂದ ಶುರುಮಾಡಿ

ನಮಸ್ಕಾರ.

ಒಂದು ರಾಜ್ಯದ ವಿದ್ಯುತ್ ಮತ್ತು ಕೈಗಾರಿಕೆ 2050ರ ಹೊತ್ತಿಗೆ ಇಂಗಾಲ ತಟಸ್ಥ (ಹೊರಬಿಟ್ಟಷ್ಟೇ ಇಂಗಾಲವನ್ನು ಹಿಂದಕ್ಕೆ ಹಿಡಿದು ಲೆಕ್ಕ ಸರಿಮಾಡುವುದು) ಆಗುವುದು ಹೇಗೆ ಅಂತ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಹನ್ನೆರಡು ಪುಟಗಳಲ್ಲಿ ಹತ್ತು ಪುಟ ಸೋಲಾರ್ ಮತ್ತು ಗಾಳಿಯಂತ್ರದ್ದೇ. ಕೈಗಾರಿಕೆಗೆ ಸಿಕ್ಕಿದ್ದು ಒಂದೇ ಒಂದು ಪ್ಯಾರಾ. 'ಕಾರ್ಖಾನೆಗಳೂ ಹಸಿರು ಕರೆಂಟಿಗೆ ಬದಲಾದರೆ ಕೆಲಸ ಮುಗಿಯಿತು' ಅಂತ ಅದರಲ್ಲಿ ಬರೆದಿದ್ದೀರಿ. ಮುಗಿಯುವುದಿಲ್ಲ.

ಸಿಮೆಂಟನ್ನೇ ತೆಗೆದುಕೊಳ್ಳಿ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಸುಣ್ಣದ ಕಲ್ಲು. ಒಂದು ಟನ್ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಗೂಡಿನಲ್ಲಿ ಉಳಿಯುವುದು 560 ಕೆಜಿ ಸುಣ್ಣ. ಮಿಕ್ಕ 440 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಅದು ಉರುವಲಿನ ಹೊಗೆ ಅಲ್ಲ, ಕಲ್ಲಿನೊಳಗೇ ಇದ್ದದ್ದು. ಗೂಡನ್ನು ಸೋಲಾರ್ ಕರೆಂಟಿನಿಂದ ಕಾಯಿಸಿದರೂ ಅದು ಹೊರಗೆ ಬಂದೇ ಬರುತ್ತದೆ. ಸಿಮೆಂಟ್ ತಯಾರಿಕೆಯಲ್ಲಿ ಹೊಮ್ಮುವ ಇಂಗಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇದರದ್ದೇ. ನಿಮ್ಮ ಲೇಖನ ಈ ಗೂಡಿನ ಬಾಯಿಂದಲೇ ಶುರುವಾಗಬೇಕಿತ್ತು.

ಸಿಮೆಂಟಿಗೆ ಹಾರುಬೂದಿ ಬೆರೆಸಿ ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟು ಬರುವ ಗಟ್ಟಿ ಉಂಡೆಗಳನ್ನು, ಕಡಿಮೆ ಮಾಡಬಹುದು ಅಂದಿದ್ದೀರಿ. ಸರಿಯೇ. ಆದರೆ ಮೂರನೇ ಪುಟದಲ್ಲಿ ಕಲ್ಲಿದ್ದಲು ಸ್ಥಾವರಗಳನ್ನೆಲ್ಲ ಮುಚ್ಚಿಸಿಬಿಟ್ಟಿದ್ದೀರಿ, ಅಲ್ವಾ? ಹಾರುಬೂದಿ ಬರುವುದೇ ಅಲ್ಲಿಂದ. ಉಕ್ಕಿನ ಬ್ಲಾಸ್ಟ್ ಫರ್ನೇಸ್ (ಅದಿರು ಕರಗಿಸುವ ಕುಲುಮೆ) ನಿಂತರೆ, ಹಾಗೆಯೇ ಸಿಮೆಂಟಿಗೆ ಬೆರೆಸುವ ಅದರ ಸ್ಲ್ಯಾಗ್, ಅಂದರೆ ಕಿಟ್ಟ, ಕೂಡ ಸಿಗುವುದಿಲ್ಲ. ಒಂದು ಕಡೆ ಬಿಚ್ಚಿದರೆ ಇನ್ನೊಂದು ಕಡೆ ಬಿಗಿಯುವ ಇಂಥ ಗಂಟುಗಳನ್ನು ಓದುಗರಿಗೆ ತೋರಿಸಿ. ಬೂದಿಯ ಬದಲು ಸುಟ್ಟ ಜೇಡಿಮಣ್ಣು ಬೆರೆಸುವ ದಾರಿ ಇದೆ, ಅದನ್ನು ಬರೆಯಿರಿ. ಚಿಮಣಿಯಲ್ಲೇ ಇಂಗಾಲ ಹಿಡಿಯುವ ದಾರಿಯೂ ಇದೆ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಉದ್ಘಾಟನೆಯಾದ ಘಟಕವನ್ನು ವರ್ಷಕ್ಕೆ 4 ಲಕ್ಷ ಟನ್ ಹಿಡಿಯಲೆಂದು ಕಟ್ಟಿದ್ದಾರೆ. ಅಷ್ಟಾದರೂ ಅದು ಆ ಕಾರ್ಖಾನೆ ಹೊರಬಿಡುವುದರ ಅರ್ಧದಷ್ಟು ಮಾತ್ರ.

ಉಕ್ಕಿನ ಲೆಕ್ಕವೂ ತಪ್ಪಿದೆ. ಅಲ್ಲಿ ಕಲ್ಲಿದ್ದಲಿನಿಂದ ಮಾಡುವ ಕೋಕ್ ಬರೀ ಶಾಖಕ್ಕಲ್ಲ, ಅದಿರಿನಿಂದ ಆಮ್ಲಜನಕ ಕೀಳುವುದಕ್ಕೂ ಬೇಕು. ಆ ಕೆಲಸವನ್ನು ಹೈಡ್ರೋಜನ್ ಮಾಡಬಲ್ಲದು ನಿಜ. ಆದರೆ ಟನ್ ಕಬ್ಬಿಣಕ್ಕೆ 50 ಕೆಜಿಗೂ ಜಾಸ್ತಿ ಹೈಡ್ರೋಜನ್ ಬೇಕು, ನೀರಿನಿಂದ ಒಂದು ಕೆಜಿ ತೆಗೆಯಲು ಸುಮಾರು 50 ಯೂನಿಟ್ ಕರೆಂಟು ಬೇಕು. ನಾಲ್ಕನೇ ಪುಟದಲ್ಲಿ ನೀವು ಹಾಕಿದ ವಿದ್ಯುತ್ ಬೇಡಿಕೆ ಇವತ್ತಿನದು. ಇದನ್ನು ಸೇರಿಸಿ ಮತ್ತೆ ಕೂಡಿಸಿ.

'ಬನ್ನಿ, ಕೈಜೋಡಿಸೋಣ' ಎನ್ನುವ ಕೊನೆಯ ಪ್ಯಾರಾ ತೆಗೆದುಬಿಡಿ. ಎಂಟನೇ ಪುಟದಲ್ಲಿ ಬರುವ ಆಪರೇಟರ್ ಮಾತ್ರ ಇರಲೇಬೇಕು. ಕಲ್ಲಿದ್ದಲು ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಕೊನೆಯ ದಿನ ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವುದನ್ನು ನೋಡುತ್ತಾ ನಿಂತವರು. ಅದನ್ನು ಓದಿ ನನ್ನ ಗಂಟಲು ಕಟ್ಟಿತು. ಆಮೇಲೆ ಅವರಿಗೆ ಏನು ಕೆಲಸ ಸಿಕ್ಕಿತು ಅಂತ ನೀವು ಬರೆದಿಲ್ಲ. ಹೋಗಿ ಕೇಳಿ, ಬರೆದು ಕಳಿಸಿ. ಎರಡು ಪುಟವಾದರೂ ಜಾಗ ಕೊಡುತ್ತೇನೆ.