ಅವ್ವನೊಡನೆ ನೀಲ್ ದ್ವೀಪದಲ್ಲಿ

ನಿಮ್ಮ ಪ್ರಶ್ನೆ ಇಷ್ಟು: ಬೆನ್ನಿಗೊಂದು ಚೀಲ ಏರಿಸಿಕೊಂಡು, ಅಗ್ಗದ ಕೋಣೆಗಳಲ್ಲಿ ಉಳಿದು, ಸರ್ಕಾರಿ ಹಡಗುಗಳಲ್ಲಿ ಅಂಡಮಾನ್ ಸುತ್ತಬೇಕೆಂದಿರುವ ನೀವು ಅರವತ್ತು ದಾಟಿದ ತಾಯಿಯನ್ನೂ ಜೊತೆಗೆ ಕರೆದೊಯ್ಯಬಹುದೇ, ಇಲ್ಲವೇ ಅವರಿಗೆ ಪ್ಯಾಕೇಜ್ ಪ್ರವಾಸವೇ ಒಳ್ಳೆಯದೇ?

ಖಂಡಿತ ಕರೆದೊಯ್ಯಿರಿ. ಆದರೆ ಒಂದು ವಾರದಲ್ಲಿ ನಾಲ್ಕು ದ್ವೀಪ ನೋಡುವ ಯೋಜನೆಯನ್ನು ಕೈಬಿಟ್ಟು, ಒಂದೇ ಒಂದು ಚಿಕ್ಕ ದ್ವೀಪವನ್ನು ಆರಿಸಿಕೊಂಡು ಅಲ್ಲಿಯೇ ಉಳಿಯಿರಿ. ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ನಾನು ನನ್ನ ಅವ್ವನೊಡನೆ ಹಾಗೆ ಉಳಿದದ್ದು ನೀಲ್ ದ್ವೀಪದಲ್ಲಿ. ಅವ್ವನಿಗೆ ಆಗ ಅರವತ್ತೊಂದು ವರ್ಷ, ಎರಡೂ ಮೊಣಕಾಲುಗಳಲ್ಲಿ ನೋವು. ಬಾದಾಮಿ ಸೀಮೆಯಲ್ಲಿ ಹುಟ್ಟಿ ಬೆಳೆದ ಅವಳು ಅದುವರೆಗೆ ಸಮುದ್ರ ನೋಡಿದ್ದು ಗೋಕರ್ಣದಲ್ಲಿ, ಅದೂ ಒಂದೇ ಸಲ.

ಬೆಂಗಳೂರಿನಿಂದ ವಿಮಾನದಲ್ಲಿ ಪೋರ್ಟ್ ಬ್ಲೇರ್‌ಗೆ ಹೋಗಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ), ಅಲ್ಲಿಂದ ಸರ್ಕಾರಿ ಹಡಗು ಹಿಡಿದರೆ ಸುಮಾರು ಎರಡು ಗಂಟೆಯ ಪ್ರಯಾಣ. ಖಾಸಗಿ ಹಡಗುಗಳು ಇನ್ನೂ ವೇಗವಾಗಿ ಸಾಗುತ್ತವೆ, ಆದರೆ ಅವುಗಳಲ್ಲಿ ಗಾಜಿನ ಹಿಂದೆ ಕುಳಿತಿರಬೇಕಾಗುತ್ತದೆ. ಸರ್ಕಾರಿ ಹಡಗಿನ ಮೇಲಟ್ಟದಲ್ಲಿ ಗಾಳಿಗೆ ಮುಖ ಕೊಟ್ಟು ನಿಲ್ಲಬಹುದು, ಮತ್ತು ಹೊಟ್ಟೆ ತೊಳಸುವವರಿಗೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಬಂದಳು.

ದ್ವೀಪದ ಊರುಗಳ ಹೆಸರು ಕೇಳಿಯೇ ಅವಳಿಗೆ ಅರ್ಧ ನೆಂಟಸ್ತಿಕೆ ಬೆಳೆದುಬಿಟ್ಟಿತ್ತು: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಹಾಗಾದರೆ ನೀಲ್ ಎಂದರೆ ಸೇತುವೆ ಕಟ್ಟಿದ ಕಪಿವೀರ ನೀಲನೇ ಇರಬೇಕೆಂದು ಅವಳು ತೀರ್ಮಾನಿಸಿದ್ದಳು. ಅದು 1857ರ ದಂಗೆಯನ್ನು ಅತ್ಯಂತ ಕ್ರೂರವಾಗಿ ಹತ್ತಿಕ್ಕಿದ ಜೇಮ್ಸ್ ನೀಲ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರೆಂದೂ, 2018ರ ಡಿಸೆಂಬರ್ 30ರಂದು ಅದನ್ನು ತೆಗೆದು ಶಹೀದ್ ದ್ವೀಪ ಎಂದು ಹೆಸರಿಟ್ಟರೆಂದೂ ಹೇಳಿದಾಗ, "ಚಲೋ ಮಾಡಿದ್ರು" ಎಂದಳು. ಜನರ ಬಾಯಲ್ಲಿ ಮಾತ್ರ ಇನ್ನೂ ನೀಲ್ ಎಂದೇ ಉಳಿದಿದೆ.

ನನ್ನ ತಪ್ಪು ನಡೆದದ್ದು ಮರುದಿನ ಬೆಳಿಗ್ಗೆ. ಲಕ್ಷ್ಮಣಪುರದ ಬಳಿ ಅಲೆಗಳು ಹವಳದ ಸುಣ್ಣಕಲ್ಲನ್ನು ಕೊರೆದು ಮಾಡಿದ ನೈಸರ್ಗಿಕ ಸೇತುವೆಯೊಂದಿದೆ. ಬಿಸಿಲೇರುವ ಮೊದಲೇ ನೋಡಿಬಿಡೋಣವೆಂದು ಎಂಟು ಗಂಟೆಗೆ ಅವ್ವನನ್ನು ಹೊರಡಿಸಿದೆ. ಹೋಗಿ ನೋಡಿದರೆ ದಾರಿಯೇ ಇರಲಿಲ್ಲ. ಬಂಡೆಗಳ ಮೇಲೆ ನೀರು ನಿಂತಿತ್ತು. ಆದರೂ ಸ್ವಲ್ಪ ದೂರ ಹೋಗೋಣವೆಂದು ನಾನೇ ಒತ್ತಾಯಿಸಿದೆ. ಹತ್ತು ಹೆಜ್ಜೆ ಇಡುವುದರೊಳಗೆ ಅವ್ವನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಚೂಪಾದ ಹವಳದ ಕಲ್ಲಿಗೆ ತಾಗಿ ಪಾದ ಕೊಯ್ದಿತು. ಗಾಯ ದೊಡ್ಡದಲ್ಲ, ಆದರೆ ಅವಳು ಏನೂ ಅನ್ನದೆ ಬಂಡೆಯ ಮೇಲೆ ಕುಳಿತು ಕಾಲು ಹಿಡಿದುಕೊಂಡದ್ದನ್ನು ನೋಡಿ ನನಗಾದ ಸಂಕಟ ಇಂದಿಗೂ ಹೋಗಿಲ್ಲ. ಹಾಗಾಗಿ ಮೊದಲು ಹೇಳುತ್ತಿದ್ದೇನೆ: ತಾಯಿಗೆ ಹಿಡಿತವಿರುವ, ನೀರಿಗಿಳಿದರೂ ನಡೆಯುವ ಕ್ಯಾನ್ವಾಸ್ ಬೂಟು ಕೊಡಿಸಿ. ಉಳಿದ ಯಾವ ಖರೀದಿಯೂ ಇದರಷ್ಟು ಮುಖ್ಯವಲ್ಲ.

ನಾವು ಉಳಿದಿದ್ದ ಮನೆಯ ಒಡತಿ ಬಂಗಾಳಿ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು ಸರ್ಕಾರ ಈ ದ್ವೀಪಗಳಲ್ಲಿ ನೆಲೆಗೊಳಿಸಿತು. ಇಲ್ಲಿನ ಬಹುಪಾಲು ಕುಟುಂಬಗಳು ಅವರವೇ. ಆಕೆ ಅರಿಶಿನ ಹಚ್ಚಿ ಗಾಯ ಕಟ್ಟುತ್ತ, ನೀರು ಎಲ್ಲಕ್ಕಿಂತ ಹೆಚ್ಚು ಹಿಂದೆ ಸರಿಯುವುದು ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಸೇತುವೆಗೆ ಆಗ ಹೋಗಿ ಎಂದು ತಿಳಿಸಿದಳು. ಅವ್ವ ತಕ್ಷಣ ಲೆಕ್ಕ ಹಾಕಿದಳು. ಅಂದು ದ್ವಾದಶಿ. ಬನದ ಹುಣ್ಣಿಮೆಗೆ ಮೂರೇ ದಿನ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋಗುತ್ತದೆಂದು ನಾನು ವಿವರಿಸಿದಾಗ, ಚಂದ್ರ ತಡವಾಗಿ ಹುಟ್ಟುತ್ತ ಹೋಗುವ ಹಾಗೆಯೇ ಎಂದು ಅವಳೇ ಮುಗಿಸಿದಳು. ಆ ದಿನದಿಂದ ನಮ್ಮ ವೇಳಾಪಟ್ಟಿಯನ್ನು ಅವಳ ಕೈಗೇ ಬಿಟ್ಟೆ.

ನಡುವಿನ ಎರಡು ದಿನ ನಾವು ಹೆಚ್ಚೇನೂ ನೋಡಲಿಲ್ಲ, ಆದರೆ ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದವು ಅವೇ. ನೀಲ್ ಅಂಡಮಾನಿನ ತರಕಾರಿ ತೋಟವೆಂದೇ ಹೆಸರಾದ ನೆಲ. ಹುಣ್ಣಿಮೆಯ ಹಿಂದಿನ ದಿನ ಬಾದಾಮಿಯ ಬನಶಂಕರಿಯಲ್ಲಿ ಪಲ್ಲೇದ ಹಬ್ಬ. ಶಾಕಾಂಬರಿಯಾದ ದೇವಿಗೆ ನೂರೆಂಟು ಬಗೆಯ ತರಕಾರಿಗಳ ಪಲ್ಯ ನೈವೇದ್ಯವಾಗುತ್ತದೆ. ಅದನ್ನು ತಪ್ಪಿಸಿಕೊಂಡೆನೆಂಬ ಕೊರಗು ಅವ್ವನೊಳಗೆ ಇತ್ತು. ಅಂದು ಬೆಳಿಗ್ಗೆ ನೀಲ್ ಕೇಂದ್ರದ ಸಂತೆಯಲ್ಲಿ ಬದನೆ, ಹಾಗಲ, ಕುಂಬಳ, ಹೀರೆ, ಮೂಲಂಗಿ, ಹೆಸರು ಗೊತ್ತಿಲ್ಲದ ಎರಡು ಸೊಪ್ಪು ಹೀಗೆ ಕಂಡದ್ದನ್ನೆಲ್ಲ ಹಿಡಿಹಿಡಿ ಕೊಂಡಳು. ಒಡತಿಯ ಒಲೆಯ ಮುಂದೆ ಇಬ್ಬರೂ ಕುಳಿತರು. ಇವಳಿಗೆ ಬಂಗಾಳಿ ಬಾರದು, ಆಕೆಗೆ ಕನ್ನಡ ತಿಳಿಯದು, ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ. ಊರಿನಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿಗಳ ಜೊತೆಗೆ ಅಂದು ಹನ್ನೊಂದು ಬಗೆಯ ಪಲ್ಯಗಳಿದ್ದವು. ಪ್ಯಾಕೇಜ್ ಪ್ರವಾಸದಲ್ಲಿ ಇಂಥ ಬೆಳಗಿಗೆ ಜಾಗವಿರುವುದಿಲ್ಲ.

ಹುಣ್ಣಿಮೆಯ ದಿನ ಮೂರೂವರೆಯ ಸುಮಾರಿಗೆ, ಹೊಸ ಬೂಟು ತೊಟ್ಟ ಅವ್ವನೊಡನೆ ಮತ್ತೆ ಲಕ್ಷ್ಮಣಪುರಕ್ಕೆ ಹೋದೆ. ಸಮುದ್ರ ದೂರಕ್ಕೆ ಸರಿದು ಬಂಡೆಗಳ ಬಯಲೊಂದನ್ನು ಬಿಟ್ಟುಹೋಗಿತ್ತು. ಸೇತುವೆ ಚೆನ್ನಾಗಿದೆ, ಆದರೆ ಅವ್ವ ಅದರ ಕಡೆಗೆ ಕಣ್ಣೆತ್ತಿ ನೋಡಿದ್ದು ಎರಡೇ ನಿಮಿಷ. ದಾರಿ ತೋರಿಸಲು ಕರೆದುಕೊಂಡಿದ್ದ ಹುಡುಗ ಮೊಣಕಾಲುದ್ದದ ಒಂದು ನೀರಗುಂಡಿಯ ಬಳಿ ಅವಳನ್ನು ಕೂರಿಸಿದ. ತಳದಲ್ಲಿ ದೊಡ್ಡ ಕಪ್ಪೆಚಿಪ್ಪೊಂದು ಬಾಯಿ ತೆರೆದುಕೊಂಡಿತ್ತು. ಅಂಚಿನುದ್ದಕ್ಕೂ ಮಡಿಕೆಮಡಿಕೆಯಾಗಿ ನವಿಲುಗತ್ತಿನ ನೀಲಿ, ಅದರ ಮೇಲೆ ಹಸಿರು ಚುಕ್ಕೆಗಳು. ಅವ್ವ ಬಗ್ಗಿದಳು. ಅವಳ ನೆರಳು ಬಿದ್ದದ್ದೇ ತಡ, ಆ ಮಡಿಕೆಗಳೆಲ್ಲ ಒಳಕ್ಕೆ ಸೇದಿಕೊಂಡು ಚಿಪ್ಪು ಮುಚ್ಚಿತು. ಅವಳು ಬೆಚ್ಚಿ ಹಿಂದೆ ಸರಿದು, ಉಸಿರು ಬಿಗಿಹಿಡಿದು ಕಾದಳು. ಒಂದು ನಿಮಿಷದಲ್ಲಿ ಅದು ಮೆಲ್ಲನೆ ಮತ್ತೆ ಅರಳಿತು. "ಜೀವ ಐತೆವ್ವ ಇದಕ್ಕ, ನನ್ನ ನೆಳ್ಳಿಗೆ ಅಂಜತೈತಿ" ಎಂದು ಪಿಸುಗುಟ್ಟಿದಳು. ಆಮೇಲೆ ಯಾವ ಗುಂಡಿಯ ಬಳಿ ಹೋದರೂ ಮೊದಲು ಸೂರ್ಯ ಎಲ್ಲಿದ್ದಾನೆಂದು ನೋಡಿ, ನೆರಳು ಬೀಳದ ಕಡೆಗೆ ಕುಳಿತಳು.

ಮರಳಿ ಬರುವಾಗ ವಿಭೂತಿ ಗಟ್ಟಿಯಷ್ಟು ಬಿಳಿಯಾದ ಹವಳದ ಚೂರೊಂದನ್ನು ಮನೆಯ ಜಗುಲಿಗೆಂದು ಎತ್ತಿಕೊಂಡಿದ್ದಳು. ಸತ್ತ ಹವಳವನ್ನೂ ದ್ವೀಪದಿಂದ ಹೊರಗೆ ಒಯ್ಯುವುದು ಕಾನೂನಿಗೆ ವಿರುದ್ಧ. ಹೇಳಿದಾಗ ಸಿಕ್ಕಿದ ಜಾಗಕ್ಕೇ ಹಿಂದಿರುಗಿ ಇಟ್ಟು ಬಂದಳು. ನಿಮ್ಮ ತಾಯಿಗೂ ಮೊದಲೇ ತಿಳಿಸಿಡಿ.

ಇನ್ನು ಉಳಿದ ಮಾತುಗಳು. ದ್ವೀಪ ದೇಶದ ಪೂರ್ವದಂಚಿನಲ್ಲಿದ್ದರೂ ಗಡಿಯಾರ ನಮ್ಮದೇ ಆದ್ದರಿಂದ ಚಳಿಗಾಲದಲ್ಲಿ ಐದೂಕಾಲರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಸಂಜೆ ಆರಕ್ಕೆ ಕತ್ತಲೆಯಲ್ಲಿ ತಾಯಿಯನ್ನು ನಡೆಸಬೇಡಿ. ದ್ವೀಪದಲ್ಲಿರುವುದು ಚಿಕ್ಕ ಆರೋಗ್ಯ ಕೇಂದ್ರ, ದೊಡ್ಡ ಆಸ್ಪತ್ರೆಗೆ ಪೋರ್ಟ್ ಬ್ಲೇರ್‌ಗೇ ಹಡಗು ಹತ್ತಬೇಕು. ಅವರ ದಿನನಿತ್ಯದ ಮಾತ್ರೆಗಳನ್ನು ಲೆಕ್ಕಕ್ಕಿಂತ ಒಂದು ವಾರ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹಡಗುಗಳು ನಿಲ್ಲುವುದುಂಟು, ಆದ್ದರಿಂದ ಆ ತಿಂಗಳುಗಳು ಬೇಡ. ಮೊಸಳೆಯ ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಬೇಡಿ. ಕೈಯಲ್ಲಿ ನಗದಿರಲಿ. ಸರ್ಕಾರಿ ಹಡಗಿನ ಟಿಕೆಟ್‌ಗಳು ಹಂಗಾಮಿನಲ್ಲಿ ಬೇಗ ಮುಗಿಯುತ್ತವೆ. ವಿಮಾನದ ಟಿಕೆಟ್ ತೆಗೆಯುವ ಮೊದಲು ಪಂಚಾಂಗವನ್ನೊಮ್ಮೆ ತಾಯಿಯ ಕೈಗೆ ಕೊಟ್ಟು, ಹುಣ್ಣಿಮೆಯೋ ಅಮಾವಾಸ್ಯೆಯೋ ನಿಮ್ಮ ದಿನಗಳ ನಡುವೆ ಬರುವಂತೆ ಅವರಿಂದಲೇ ತಾರೀಖು ಹೇಳಿಸಿಕೊಳ್ಳಿ.