ತೂಕ ಇಳಿಸಬೇಕಾ, ಇದ್ದ ಹಾಗೇ ಇರಬೇಕಾ?

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಕಾಸರಗೋಡಿನ ಕುಂಬಳೆ ಹತ್ತಿರ ಕನ್ನಡ ಶಾಲೆಯಲ್ಲಿ ಟೀಚರ್. ಎತ್ತರ 158 ಸೆಂಟಿಮೀಟರ್, ತೂಕ 78 ಕಿಲೋ. ಮದುವೆಯಾಗುವಾಗ 58 ಇದ್ದೆ. ಅಮ್ಮನಿಗೆ ಶುಗರ್ ಇದೆ. ಹೋದ ತಿಂಗಳು ನನ್ನ ರಕ್ತ ಪರೀಕ್ಷೆಯಲ್ಲಿ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಡಾಕ್ಟರು ತೂಕ ಇಳಿಸಲು ಹೇಳಿದರು. ಅಂದಿನಿಂದ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ತೂಕ ನೋಡುತ್ತೇನೆ. ಎರಡು ದಿನ ರಾತ್ರಿ ಊಟ ಬಿಡುತ್ತೇನೆ. ಮೂರನೇ ದಿನ ಎಲ್ಲರೂ ಮಲಗಿದ ಮೇಲೆ ಡಬ್ಬದ ಚಕ್ಕುಲಿ ಪೂರ್ತಿ ಖಾಲಿ ಮಾಡಿ ಅಳುತ್ತೇನೆ. ಮೊಬೈಲಲ್ಲಿ ನೋಡಿದರೆ ‘ದೇಹವನ್ನು ಇದ್ದ ಹಾಗೇ ಪ್ರೀತಿಸಿ’ ಅನ್ನುತ್ತಾರೆ. ಹಾಗಾದರೆ ತೂಕ ಇಳಿಸಲು ಹೊರಟದ್ದೇ ತಪ್ಪಾ? ಮೊನ್ನೆ 9 ವರ್ಷದ ಮಗಳು ನೀರುದೋಸೆಯ ತಟ್ಟೆ ದೂಡಿ, ‘ನಂಗೂ ಬೇಡ, ದಪ್ಪ ಆಗ್ತೇನೆ’ ಅಂದಳು. ಎಂತ ಮಾಡುವುದು ಅಂತಲೇ ಗೊತ್ತಾಗುವುದಿಲ್ಲ.

ಉತ್ತರ: ತಂಗೀ, ನಾನು ಬದಿಯಡ್ಕ ಕಡೆಯವಳು. 28 ವರ್ಷ ನರ್ಸ್ ಆಗಿದ್ದೆ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಡಬ್ಬದ ಚಕ್ಕುಲಿಯ ಮಾತು ಬಂದಲ್ಲಿ ನಿಂತುಬಿಟ್ಟೆ. ಮೊದಲು ಅದನ್ನೇ ಮಾತಾಡೋಣ.

ಅದು ನಿನ್ನ ಆಸೆಬುರುಕುತನ ಅಲ್ಲ. ಅದು ಹಸಿವು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರಾಗಿಯೇ ಒಪ್ಪಿ ಬಂದ ಗಟ್ಟಿ ಗಂಡಸರು ಅವರು. ಸ್ವಲ್ಪ ಸಮಯದಲ್ಲೇ ಅವರಿಗೆ ಊಟದ್ದೇ ಯೋಚನೆ ಆಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರು. ಮನಸ್ಸು ಕುಗ್ಗಿತು, ಸಿಟ್ಟು ಜಾಸ್ತಿಯಾಯಿತು. ಮತ್ತೆ ಹೊಟ್ಟೆತುಂಬ ಊಟ ಸಿಕ್ಕಾಗ ಎಷ್ಟು ತಿಂದರೂ ಸಾಕಾಗದೆ ಒದ್ದಾಡಿದವರೂ ಇದ್ದರು. ಹಸಿದ ದೇಹ ಯಾರದ್ದಾದರೂ ಹಾಗೇ ಮಾಡುತ್ತದೆ. ಎರಡು ರಾತ್ರಿ ಊಟ ಬಿಟ್ಟವಳಿಗೆ ಮೂರನೇ ರಾತ್ರಿ ಚಕ್ಕುಲಿ ಬೇಕೇ ಬೇಕು. ನಿನಗೆ ನಾನು ಹೇಳುವ ಮೊದಲ ಕೆಲಸ ಇದು: ಇವತ್ತಿನಿಂದ ರಾತ್ರಿ ಊಟ ಬಿಡಬೇಡ.

ಇನ್ನು ತೂಕದ ಲೆಕ್ಕ. ನಿನ್ನ ತಲೆಯಲ್ಲಿ 58 ಕೂತಿದೆ, ಅಲ್ವಾ? ಅಂದರೆ 20 ಕಿಲೋ. ಆದರೆ ನಿನ್ನಂತೆ 6.1 ಬಂದವರಿಗೆ ಸಾಮಾನ್ಯವಾಗಿ ಹೇಳುವುದು ಇದ್ದ ತೂಕದ ನೂರಕ್ಕೆ 5ರಿಂದ 7ರಷ್ಟು ಇಳಿದರೆ ಒಳ್ಳೆಯದು ಅಂತ. ನಿನಗೆ ಅದು 4ರಿಂದ ಐದೂವರೆ ಕಿಲೋ ಮಾತ್ರ. ಆರು ತಿಂಗಳು ತೆಗೆದುಕೋ. 6.1 ಅಂದರೆ ಇನ್ನೂ ಶುಗರ್ ಕಾಯಿಲೆ ಅಲ್ಲ, ಅದರ ಹೊಸ್ತಿಲು. 6.5 ಮುಟ್ಟಿದರೆ ಒಳಗೆ. ಮನೆಯಲ್ಲಿ ಅಮ್ಮನಿಗೂ ಇರುವುದರಿಂದ ಇದನ್ನು ಸುಮ್ನೆ ಬಿಡುವ ಹಾಗೂ ಇಲ್ಲ. ಥೈರಾಯ್ಡ್ ನೋಡಿಸದಿದ್ದರೆ ಅದನ್ನೂ ಒಮ್ಮೆ ನೋಡಿಸು.

ಇನ್ನೊಂದು ವಿಷಯ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಚೆನ್ನೈಯ ವೈದ್ಯರ ತಂಡವೊಂದು ನಿನ್ನ ಹಾಗೆ ಹೊಸ್ತಿಲಲ್ಲಿ ನಿಂತ 531 ಜನರನ್ನು ಸುಮಾರು ಮೂರು ವರ್ಷ ನೋಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ನಡಿಗೆ ಮತ್ತು ಊಟ ಸರಿಮಾಡಿಕೊಂಡವರಿಗೆ ಶುಗರ್ ಬರುವ ಅಪಾಯ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗಿತ್ತು. ಆದರೆ ಅವರ ತೂಕ? ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ದೇಹದ ಒಳಗೆ ಕೆಲಸ ನಡೆದಿತ್ತು. ನೀನು ದಿನಕ್ಕೆ ಎರಡು ಸಲ ತಕ್ಕಡಿ ಹತ್ತಿ ಹುಡುಕುವ ಉತ್ತರ ಅದರಲ್ಲಿ ಇಲ್ಲ. ಕುಡಿದ ನೀರು, ಉಂಡ ಉಪ್ಪು, ಮುಟ್ಟಿನ ದಿನಗಳು, ಎಲ್ಲ ಅದರಲ್ಲಿ ಒಂದು ಕಿಲೋ ಆಚೆ ಈಚೆ ಮಾಡುತ್ತವೆ. ತಕ್ಕಡಿಯನ್ನು ಅಟ್ಟಕ್ಕೆ ಹಾಕು. ಎರಡು ವಾರಕ್ಕೊಮ್ಮೆ ಅದನ್ನು ಕೆಳಗೆ ತಂದು ತೂಕ ನೋಡಿದರೆ ಸಾಕು.

‘ಇದ್ದ ಹಾಗೇ ಪ್ರೀತಿಸು’ ಅನ್ನುವುದಕ್ಕೂ ಇದಕ್ಕೂ ಜಗಳ ಇದೆಯಾ ಅಂತ ಕೇಳಿದ್ದೀಯಲ್ಲ. ನನಗೆ ಆದದ್ದು ಹೇಳುತ್ತೇನೆ.

ಎರಡನೇ ಹೆರಿಗೆಯ ನಂತರ ನನ್ನ ಮದುವೆಯ ಹಸಿರು ರೇಷ್ಮೆ ರವಕೆ ತೋಳಿಗೇ ಏರುತ್ತಿರಲಿಲ್ಲ. ಅದನ್ನು ಕಪಾಟಿನ ಬಾಗಿಲ ಒಳಗೆ ತೂಗುಹಾಕಿದ್ದೆ, ಒಂದು ದಿನ ಹಾಕಿಯೇ ಹಾಕುತ್ತೇನೆ ಅಂತ. ಆರು ವರ್ಷ ಅದು ಅಲ್ಲೇ ತೂಗುತ್ತಿತ್ತು. ಆರು ವರ್ಷ ನಾನು ಹೊಸ ರವಕೆ ಹೊಲಿಸಲಿಲ್ಲ. ಅಣ್ಣನ ಮನೆ ಒಕ್ಕಲಿಗೂ ನೆಪ ಹೇಳಿ ಹೋಗಲಿಲ್ಲ. ಡಾಕ್ಟರು ನಡೆಯಲು ಹೇಳಿದ್ದರು. ನಾನು ನಡೆಯುತ್ತಿರಲಿಲ್ಲ. ಯಾಕೆ ಗೊತ್ತಾ? ರಸ್ತೆಯಲ್ಲಿ ಸಿಕ್ಕವರೆಲ್ಲ ‘ತಡಿ ಕೂಡಿಯಲ್ಲೋ’ ಅನ್ನುತ್ತಿದ್ದರು. ದಪ್ಪ ಆಗಿದ್ದೀಯಲ್ಲ ಅಂತ ಮಲಯಾಳದಲ್ಲಿ ಅಂದರೂ ಕನ್ನಡದಲ್ಲಿ ಅಂದರೂ ತುಳುವಿನಲ್ಲಿ ಅಂದರೂ ನೋವು ಒಂದೇ.

ಕೊನೆಗೆ ತಮ್ಮನ ಮದುವೆಗೆ ವಿಧಿಯಿಲ್ಲದೆ ಆ ರವಕೆಯನ್ನು ಹೊಲಿಗೆಯವಳ ಹತ್ತಿರ ಒಯ್ದೆ. ಅವಳು ಒಳಮಗ್ಗುಲು ತಿರುಗಿಸಿ ತೋರಿಸಿದಳು. ಎರಡೂ ಬದಿ ಒಂದಿಂಚು ಬಟ್ಟೆ ಮಡಚಿಕೊಂಡಿತ್ತು. ‘ಅಕ್ಕಾ, ಇದು ಮುಂದಕ್ಕೆ ಬೇಕಾಗುತ್ತದೆ ಅಂತಲೇ ಬಿಡುವುದು’ ಅಂದಳು. ಬ್ಲೇಡಿನಲ್ಲಿ ಹಳೇ ಹೊಲಿಗೆ ಬಿಚ್ಚಿದಳು. ನೂಲು ಒಂದೊಂದೇ ಕಡಿಯಿತು. ಒಳಗಿನ ಬಟ್ಟೆ ಅಷ್ಟು ವರ್ಷವೂ ಬಿಸಿಲು ಕಾಣದೆ ಹೊರಗಿನದ್ದಕ್ಕಿಂತ ಗಾಢ ಹಸಿರಾಗಿತ್ತು. ಹಳೇ ಹೊಲಿಗೆಯ ಸಣ್ಣ ತೂತುಗಳು ಸಾಲಾಗಿ ಹಾಗೇ ಉಳಿದವು. ಆ ರವಕೆ ಹಾಕಿಕೊಂಡು ಮದುವೆಗೆ ಹೋದೆ, ಎರಡು ಪಂಕ್ತಿ ಬಡಿಸಿದೆ. ಮರುವಾರ ತೋಟದ ದಾರಿಯಲ್ಲಿ ನಡೆಯಲು ಶುರುಮಾಡಿದೆ.

ನನಗೆ ಮೊದಲು ಬಂದದ್ದು ಒಪ್ಪಿಕೊಳ್ಳುವುದು. ನಡಿಗೆ ಅದರ ಹಿಂದೆ ಬಂತು. ನಾಚಿಕೆ ಇದ್ದಷ್ಟು ದಿನ ಮನೆಯೊಳಗೇ ಕೂತಿದ್ದೆ. ಅದಕ್ಕೇ ಹೇಳುವುದು, ಇಳಿಸಬೇಕು ಅಂದುಕೊಂಡದ್ದು ನಿನ್ನ ತಪ್ಪಲ್ಲ. ಇಳಿದ ಮೇಲೆಯೇ ಬದುಕುತ್ತೇನೆ ಅಂದುಕೊಳ್ಳಬೇಡ. ದಪ್ಪ ಇರುವ ದೇಹಕ್ಕೂ ಹೊತ್ತಿಗೆ ಊಟ, ನಿದ್ದೆ, ಅಳತೆಗೆ ಸರಿಯಾದ ರವಕೆ ಇವತ್ತೇ ಸಲ್ಲಬೇಕು.

ಊಟಕ್ಕೆ ನಮ್ಮೂರಿನದ್ದೇ ಸಾಕು. ಕುಚ್ಚಿಲಕ್ಕಿ ಅನ್ನ ಬಿಡುವುದು ಬೇಡ, ಒಂದು ಸೌಟು ಕಡಿಮೆ ಬಡಿಸಿಕೋ. ಆ ಜಾಗಕ್ಕೆ ಹೆಸರುಕಾಳಿನ ಪಲ್ಯ, ಬಸಳೆ, ಅಲಸಂಡೆ ಬರಲಿ. ಒಂದೆಲಗದ ತಂಬುಳಿ ಇದ್ದರೆ ಇನ್ನೂ ಚೆಂದ. ಮೀನು ತಿನ್ನುವವರಾದರೆ ಬಂಗುಡೆ ಸಾರು ಮಾಡು, ಹುರಿಯುವುದು ಕಡಿಮೆ ಮಾಡು. ಚಾಗೆ ಸಕ್ಕರೆ ಅರ್ಧ ಮಾಡು. ವಾರಕ್ಕೆ 150 ನಿಮಿಷ ನಡೆ, ಅಂದರೆ ಐದು ದಿನ ಅರ್ಧ ಗಂಟೆ. ಮಧೂರು ಗಣಪತಿ ದೇವಸ್ಥಾನಕ್ಕೆ ಹೋದ ದಿನ ಪ್ರಸಾದದ ಅಪ್ಪ ತಿನ್ನು, ಮರುದಿನ ಉಪವಾಸ ಮಾಡಬೇಡ.

ಊಟ ಬಿಡದಿದ್ದರೂ ರಾತ್ರಿ ಕದ್ದು ತಿಂದು ಅಳುವುದು ನಿಲ್ಲದಿದ್ದರೆ ತೂಕದ ವಿಚಾರ ಪೂರ್ತಿ ಪಕ್ಕಕ್ಕಿಡು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಮನಸ್ಸಿನ ಆರೋಗ್ಯಕ್ಕೆ ಸರಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ ಅಂತ; 14416ಕ್ಕೆ ಫೋನ್ ಮಾಡು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ನಾಳೆಗೆ ಹಾಕಬೇಡ. ಯಾವತ್ತಾದರೂ ಬದುಕೇ ಬೇಡ ಅನಿಸಿದರೆ ಮನೆಯವರನ್ನು ಎಬ್ಬಿಸಿ ಹೇಳು, ಆ ಕ್ಷಣವೇ.

ಮಗಳಿಗೆ ಭಾಷಣ ಬೇಡ. ಅವಳು ನಿನ್ನ ಮಾತಿಗಿಂತ ನಿನ್ನ ತಟ್ಟೆ ನೋಡುತ್ತಾಳೆ. ನಾಳೆ ಬೆಳಿಗ್ಗೆ ಅವಳ ಪಕ್ಕ ಕೂತು ನೀನೂ ಎರಡು ನೀರುದೋಸೆ ಹಾಕಿಕೊಂಡು ತಿನ್ನು. ತೂಕದ ಮಾತು, ‘ನಾನು ಹಂದಿಯ ಹಾಗೆ ಆಗಿದ್ದೇನೆ’ ಅನ್ನುವ ಮಾತು ಅವಳ ಎದುರು ಆಡಲೇಬೇಡ. ನೆಂಟರು ಅಂದರೆ ‘ಈ ವಿಷಯ ಮಗಳ ಎದುರು ಬೇಡ ಅತ್ತೆ’ ಅಂತ ಮೆಲ್ಲಗೆ ಹೇಳು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸು. ಎಚ್‌ಬಿಎ1ಸಿ ಅಷ್ಟು ಸಮಯದ ಲೆಕ್ಕ ಹೇಳುತ್ತದೆ. ಆಗ ನನಗೆ ಬರೆ. ಮಗಳು ದೋಸೆ ತಿನ್ನುತ್ತಿದ್ದಾಳಾ, ಅದನ್ನೂ ಬರೆ.