ಆಫರ್ ನೋಡಿ ಬರ್ತಾರೆ, ರಿಟರ್ನ್ ನೋಡಿ ಉಳಿಯುತ್ತಾರೆ

ಆನ್‌ಲೈನ್‌ನಲ್ಲಿ ಒಮ್ಮೆ ಕೊಂಡವರು ಮತ್ತೆ ಮತ್ತೆ ಅದೇ ಆ್ಯಪ್‌ಗೆ ಹೋಗುವುದು ಬರೀ ಆಫರ್‌ಗಾ ಅಂತ ಕೇಳಿದ್ದೀರಿ. ಮೊದಲ ಸಲ ಆಫರ್‌ಗೇ. ಆಮೇಲಿನದ್ದು ಬೇರೆ ಲೆಕ್ಕ.

ಮೂಡಿಗೆರೆ ಹತ್ತಿರ ರಸ್ತೆ ಬದಿಯಲ್ಲಿ ನನ್ನದೊಂದು ಸಣ್ಣ ದಿನಸಿ ಅಂಗಡಿ ಇದೆ. ಮಳೆಗಾಲದಲ್ಲಿ ಒಳಗಿನ ತೋಟದ ಮನೆಗಳಿಗೆ ಬೈಕ್ ಹೋಗುವುದಿಲ್ಲ, ಹಾಗಾಗಿ ಡೆಲಿವರಿ ಹುಡುಗರು ಎಲ್ಲರ ಪಾರ್ಸಲ್ಲನ್ನೂ ನನ್ನ ಹತ್ತಿರವೇ ಇಟ್ಟು ಹೋಗುತ್ತಾರೆ. ನನಗೆ ಅದರಿಂದ ಒಂದು ಪೈಸೆ ಇಲ್ಲ. ನನ್ನಲ್ಲೇ ಸೋಪು ಕೊಳ್ಳುತ್ತಿದ್ದವರು ಈಗ ಸೋಪಿನ ಪಾರ್ಸಲ್ ಕೇಳಿಕೊಂಡು ಬರುತ್ತಾರೆ, ಏನು ಹೇಳೋದು!

ಒಂದು ಸಲ ನಾನೂ ಗಂಬೂಟು ತರಿಸಿದೆ. ಬಿಚ್ಚಿ ನೋಡಿದರೆ ಎರಡೂ ಎಡಗಾಲಿನವು. ರಿಟರ್ನ್ ಒತ್ತಿದೆ. ಮೂರನೇ ದಿನ ಹುಡುಗ ಆ ಸುರಿಯುವ ಮಳೆಯಲ್ಲೇ ಬಂದು, ಒಂದು ಪ್ರಶ್ನೆ ಕೇಳದೆ ತಗೊಂಡು ಹೋದ, ದುಡ್ಡೂ ವಾಪಸ್ ಬಂತು. ಆಮೇಲೆ ಟಾರ್ಚು, ಮಿಕ್ಸಿ, ಮಗಳ ಸ್ಕೂಲ್ ಬ್ಯಾಗು ಎಲ್ಲಾ ಅಲ್ಲೇ. ಇನ್ನೊಂದು ಆ್ಯಪ್‌ನಲ್ಲಿ 200 ರೂಪಾಯಿ ಕಡಿಮೆ ಅಂತ ಟಾರ್ಪಲ್ ತರಿಸಿದೆ, ಅಳತೆ ಕಮ್ಮಿ ಬಂತು. ಫೋಟೋ ಕಳಿಸಿ ಅಂದರು, ಆಮೇಲೆ ವಿಡಿಯೋ ಅಂದರು. ನಮ್ಮಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತೆ, ನಾನು ಗುಡ್ಡ ಹತ್ತಿ ಅದನ್ನು ಕಳಿಸುವಷ್ಟರಲ್ಲಿ ರಿಟರ್ನ್ ಗಡುವೇ ಮುಗಿದಿತ್ತು. ಅವತ್ತೇ ಆ ಆ್ಯಪ್ ತೆಗೆದು ಹಾಕಿದೆ. ಸಾಮಾನು ಕೆಟ್ಟದ್ದು ಬಂದರೆ ಜನ ಕ್ಷಮಿಸುತ್ತಾರೆ, ಸುಮ್ನೆ ಅಲೆದಾಡಿಸಿದರೆ ಇಲ್ಲ.

ದುಡ್ಡು ಮೊದಲೇ ಕೊಡಬೇಕು ಅನ್ನುವ ಭಯವೂ ಇದೆ, ಅಲ್ವಾ? ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು, 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಿತು. ಈಗ ಎಲ್ಲರ ಫೋನಲ್ಲೂ ಯುಪಿಐ ಇದೆ, ಆದರೂ ನಮ್ಮ ಕಡೆ ವಯಸ್ಸಾದವರು ಪಾರ್ಸಲ್ ಕೈಗೆ ಬಂದ ಮೇಲೇ ದುಡ್ಡು ಎಣಿಸುವುದು. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಬಂದವು. ಅದರಿಂದಲೂ ಕೆಲವರಿಗೆ ಧೈರ್ಯ ಬಂತು, ಕೆಲವು ಪದ ಓದಿದರೆ ನಗು ಬಂದರೂ.

ಆದರೆ ನಮ್ಮಂಥ ಊರಲ್ಲಿ ಕಂಪನಿ ಅಂದರೆ ಡೆಲಿವರಿ ಹುಡುಗನೇ. ಎದುರುಮನೆ ಅಜ್ಜಿಗೆ ಯಾವ ಆ್ಯಪ್‌ನ ಹೆಸರೂ ಗೊತ್ತಿಲ್ಲ. "ಆ ಕೆಂಪು ಬೈಕಿನ ಹುಡುಗ ತರ್ತಾನಲ್ಲ, ಅದ್ರಲ್ಲೇ ಹಾಕು" ಅಂತ ಮೊಮ್ಮಗನಿಗೆ ಹೇಳುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ಆ ಹುಡುಗ ನಾಳೆ ಕೊಡಿ ಅಂತಾನೆ, ಮಂಡಿನೋವಿನ ಎಣ್ಣೆಯ ಬಾಟ್ಲಿ ಬಿಚ್ಚಿಯೂ ಕೊಡುತ್ತಾನೆ. ಹೋದ ತಿಂಗಳು ಅವನು ಬೇರೆ ಕಂಪನಿ ಸೇರಿದ. ಅಜ್ಜಿಯ ಆರ್ಡರೂ ಅವನ ಹಿಂದೆಯೇ ಹೋಯಿತು.